ಸೊರಗಿದ ಹೊಲಕ್ಕೆ ಕಲ್ಲೂ ಕಾಂಪೋಸ್ಟೂ

ಎರಡು ಗಾಜಿನ ಲೋಟಗಳಲ್ಲಿ ತಿಳಿನೀರನ್ನು ತುಂಬಿ ಇಟ್ಟುಕೊಳ್ಳಿರಿ. ಹಲವು ವರ್ಷಗಳಿಂದ ಉಳುತ್ತ ಬಂದಿರುವ ಹೊಲವೊಂದರ ನಡುವಿನಿಂದ ನೆಲ್ಲಿಕಾಯಿ ಗಾತ್ರದ ಒಂದು ಹೆಂಟೆಯನ್ನು ತನ್ನಿರಿ. ಅದೇ ಹೊಲದ ಬದುವಿನ ಮೇಲೆ, ಹುಲ್ಲು ಬೆಳೆದು ನೇಗಿಲು ಸೋಕದಿರುವ ಜಾಗದಿಂದ ಅಷ್ಟೇ ಗಾತ್ರದ ಇನ್ನೊಂದನ್ನು ತನ್ನಿರಿ. ಎರಡನ್ನೂ ನೆರಳಿನಲ್ಲಿ ಎರಡು ಮೂರು ದಿನ ಒಣಗಿಸಿ, ಒಂದೊಂದು ಲೋಟದೊಳಕ್ಕೆ ಒಂದೊಂದನ್ನು ಮೆಲ್ಲನೆ ಇಳಿಬಿಡಿರಿ. ಬಹುಮಟ್ಟಿಗೆ ಕಾಣುವುದೇನೆಂದರೆ, ಹೊಲದ ಹೆಂಟೆಯು ನೀರು ತಾಗಿದೊಡನೆ ಗುಳ್ಳೆಗಳನ್ನು ಬಿಡುತ್ತ ಕೆಲವೇ ನಿಮಿಷಗಳಲ್ಲಿ ಕುಸಿದು, ಲೋಟದ ತಳದಲ್ಲಿ ರಾಡಿಯಾಗಿ ಹರಡಿಕೊಳ್ಳುತ್ತದೆ. ಬದುವಿನ ಹೆಂಟೆಯಾದರೋ ಬಹಳ ಹೊತ್ತು ತನ್ನ ಆಕಾರವನ್ನು ಬಿಡದೆ ನಿಂತಿರುತ್ತದೆ. ಅದರ ಸುತ್ತಲಿನ ನೀರು ತಿಳಿಯಾಗಿಯೇ ಉಳಿಯುತ್ತದೆ.

ಈ ಎರಡು ಹೆಂಟೆಗಳ ತಾಯಿಬಂಡೆ ಒಂದೇ. ಅವುಗಳ ಮೇಲೆ ಬಿದ್ದ ಮಳೆ ಬಿಸಿಲುಗಳೂ ಒಂದೇ. ಆದರೂ ಒಂದು ನಿಂತಿತು, ಮತ್ತೊಂದು ಕರಗಿತು. ಲೋಟದಲ್ಲಿ ನಡೆದುದೇ ಮುಂಗಾರಿನ ಮೊದಲ ದೊಡ್ಡ ಮಳೆಯಲ್ಲಿ ಹೊಲದ ತುಂಬ ನಡೆಯುತ್ತದೆ. ಹೆಂಟೆಗಳು ಕರಗಿ ಮಣ್ಣಿನ ರಂಧ್ರಗಳು ಮುಚ್ಚಿಹೋಗುತ್ತವೆ. ಮೇಲೆ ಹೆಪ್ಪುಗಟ್ಟಿದಂತೆ ಒಂದು ಪದರ ಕೂರುತ್ತದೆ. ನೀರು ಇಂಗದೆ ಹರಿದು, ನುಣುಪಾದ ಮಣ್ಣನ್ನೂ ಅದರೊಡನೆ ರೈತನು ಹಣ ಕೊಟ್ಟು ತಂದು ಹಾಕಿದ ಗೊಬ್ಬರವನ್ನೂ ಹಳ್ಳಕ್ಕೆ ಸಾಗಿಸುತ್ತದೆ. ಎಂಟು ದಿನ ಬಿಸಿಲು ಹೊಡೆದರೆ ಅದೇ ಹೊಲದ ಪೈರು ಬಾಡುತ್ತದೆ. ಹೀಗೆ ಸೊರಗಿದ ಮಣ್ಣನ್ನು ಮತ್ತೆ ಸುಸ್ಥಿತಿಗೆ ತರುವುದು ಹೇಗೆ?

ಈ ಪ್ರಶ್ನೆಗೆ ಇಂದು ಎರಡು ಗುಂಪಿನವರು ಎರಡು ಉತ್ತರಗಳನ್ನು ಕೊಡುವುದುಂಟು. ಸುಣ್ಣದ ಕಲ್ಲು, ಜಿಪ್ಸಂ, ಶಿಲಾರಂಜಕ ಮುಂತಾದ ನಿಸರ್ಗದ ಖನಿಜಗಳನ್ನು ಪುಡಿಮಾಡಿ ಹಾಕಿದರೆ ಸಾಕೆಂದು ಒಂದು ಗುಂಪು ಹೇಳುತ್ತದೆ. ಸಗಣಿ ಸೊಪ್ಪುಗಳ ಕಾಂಪೋಸ್ಟೊಂದೇ ಸಾಕೆಂದು ಮತ್ತೊಂದು. ಮಣ್ಣಿನ ರಸಾಯನವನ್ನು ಸ್ವಲ್ಪ ಒಳಹೊಕ್ಕು ನೋಡಿದರೆ ಎರಡೂ ಅರ್ಧ ಉತ್ತರಗಳೆಂದು ತಿಳಿದುಬರುತ್ತದೆ. ಕಲ್ಲಿನಲ್ಲಿ ಆಹಾರವಿದೆ, ಆದರೆ ಅದಕ್ಕೆ ಬೀಗ ಹಾಕಿದೆ. ಆ ಬೀಗವನ್ನು ತೆರೆಯುವ ಶಕ್ತಿ ಕೊಳೆಯುವ ವಸ್ತುವಿಗಿದೆ, ಆದರೆ ಇಲ್ಲದ ಆಹಾರವನ್ನು ಅದು ಹುಟ್ಟಿಸಲಾರದು. ಅಲ್ಲದೆ, ಯಾವ ಹೊಲಕ್ಕೆ ಯಾವ ಕಲ್ಲು ಎಂಬುದನ್ನು ಆ ಹೊಲದ ರೋಗವೇ ನಿರ್ಧರಿಸಬೇಕು. ಒಂದಕ್ಕೆ ಔಷಧವಾದುದು ಇನ್ನೊಂದಕ್ಕೆ ಬರಿಯ ಹೊರೆ.

ಜೇಡಿಯ ಕಣದ ವ್ಯಾಪಾರ

ಮಣ್ಣಿನ ಅತಿ ಸಣ್ಣ ಕಣಗಳಿಗೆ ಜೇಡಿ ಎಂದು ಹೆಸರು. ಇವುಗಳ ವ್ಯಾಸ ಒಂದು ಮಿಲಿಮೀಟರಿನ ಐನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಈ ಕಣಗಳ ಮೈಮೇಲೆ ಋಣ ವಿದ್ಯುದಂಶವಿರುತ್ತದೆ. ಆದುದರಿಂದ ಧನ ವಿದ್ಯುದಂಶವುಳ್ಳ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟಾಸಿಯಂ, ಸೋಡಿಯಂ, ಜಲಜನಕ, ಅಲ್ಯುಮಿನಿಯಂ ಅಯಾನುಗಳು ಬಂದು ಅವಕ್ಕೆ ಅಂಟಿಕೊಳ್ಳುತ್ತವೆ. ಅಂಟಿಕೊಂಡ ಅಯಾನು ಅಲ್ಲಿಯೇ ಶಾಶ್ವತವಾಗಿ ನಿಲ್ಲುವುದಿಲ್ಲ. ಬೇರಿನ ಬಳಿಯಿಂದ ಜಲಜನಕದ ಅಯಾನು ಬಂದರೆ ಪೊಟಾಸಿಯಂ ತನ್ನ ಜಾಗವನ್ನು ಬಿಟ್ಟುಕೊಟ್ಟು ಬೇರಿನತ್ತ ಹೊರಡುತ್ತದೆ. ಸಂತೆಯಲ್ಲಿ ಧಾನ್ಯ ಕೊಟ್ಟು ಉಪ್ಪು ಕೊಂಡಂತೆ ಈ ವಿನಿಮಯ ಹಗಲಿರುಳೂ ಸಾಗಿರುತ್ತದೆ. ಕೊಳೆತು ಕರಗಿ ಕಪ್ಪಾದ ಸಾವಯವ ವಸ್ತುವಿಗೆ, ಎಂದರೆ ಹ್ಯೂಮಸ್ಸಿಗೆ, ಇದೇ ಗುಣ ಜೇಡಿಗಿಂತ ಎಷ್ಟೋ ಪಾಲು ಹೆಚ್ಚು.

ಈ ಅಂಗಡಿಯಲ್ಲಿ ಯಾವ ಸರಕು ತುಂಬಿದೆ ಎಂಬುದರ ಮೇಲೆ ಮಣ್ಣಿನ ಆರೋಗ್ಯ ನಿಂತಿದೆ. ಕ್ಯಾಲ್ಸಿಯಂ ಹೇರಳವಾಗಿದ್ದರೆ ಜೇಡಿಯ ಕಣಗಳು ಗುಂಪುಗೂಡಿ ಹರಳು ಹರಳಾಗುತ್ತವೆ. ಗಾಳಿ ನೀರುಗಳಿಗೆ ದಾರಿ ತೆರೆದಿರುತ್ತದೆ. ಜಲಜನಕ ಮತ್ತು ಅಲ್ಯುಮಿನಿಯಂ ತುಂಬಿದರೆ ಮಣ್ಣು ಹುಳಿಯಾಗುತ್ತದೆ. ಸೋಡಿಯಂ ತುಂಬಿದರೆ ಕಣಗಳು ಒಂದನ್ನೊಂದು ಬಿಟ್ಟು ಚದರಿ, ಒದ್ದೆಯಾದಾಗ ಅಂಟಂಟಾಗಿ ಒಣಗಿದಾಗ ಕಲ್ಲಾಗುವ ನೆಲ ಉಂಟಾಗುತ್ತದೆ. ಕನ್ನಡ ನಾಡಿನಲ್ಲಿ ಈ ಎರಡು ರೋಗಗಳೂ ಇವೆ. ಒಂದು ಪಡುವಣದಲ್ಲಿ ಹೆಚ್ಚು, ಇನ್ನೊಂದು ಬಡಗಣ ಬಯಲಿನಲ್ಲಿ.

ಹುಳಿಯಾದ ನೆಲ

ಕರಾವಳಿ ಮಲೆನಾಡುಗಳಲ್ಲಿ ಸುರಿಯುವ ಮಳೆ ಎಷ್ಟೆಂಬುದು ಓದುಗರಿಗೆ ತಿಳಿದೇ ಇದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಇಂತಹ ಮಳೆ ಸಾವಿರಾರು ವರ್ಷ ಮಣ್ಣನ್ನು ತೊಳೆದರೆ ಕರಗಬಲ್ಲ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಮುದ್ರ ಸೇರಿ, ಕಬ್ಬಿಣ ಅಲ್ಯುಮಿನಿಯಂಗಳ ಆಕ್ಸೈಡುಗಳೇ ಉಳಿಯುತ್ತವೆ. ಅದೇ ನಮ್ಮ ಜಂಬಿಟ್ಟಿಗೆಯ ಕೆಂಪು ನೆಲ. ಮಣ್ಣಿನ ಹುಳಿಯನ್ನು ಅಳೆಯಲು ರಸಸಾರ, ಎಂದರೆ ಪಿ.ಎಚ್. ಎಂಬ ಅಂಕವನ್ನು ಬಳಸುತ್ತಾರೆ. 7 ಎಂದರೆ ಹುಳಿಯೂ ಅಲ್ಲ ಕ್ಷಾರವೂ ಅಲ್ಲ; ಕೆಳಗಿಳಿದಷ್ಟೂ ಹುಳಿ ಹೆಚ್ಚು. ಅಂಕವು ಸುಮಾರು 5.5ಕ್ಕಿಂತ ಕೆಳಗಿಳಿದಾಗ, ಅದುವರೆಗೆ ಖನಿಜದಲ್ಲಿ ಸುಮ್ಮನಿದ್ದ ಅಲ್ಯುಮಿನಿಯಂ ಕರಗಿ ನೀರಿಗೆ ಬರುತ್ತದೆ. ಅದು ಬೇರಿನ ತುದಿಗೆ ವಿಷ. ಬೇರುಗಳು ಮೊಂಡಾಗಿ, ದಪ್ಪವಾಗಿ, ಆಳಕ್ಕೆ ಇಳಿಯದೆ ಹೋಗುತ್ತವೆ. ಹಾಕಿದ ರಂಜಕವನ್ನೂ ಕಬ್ಬಿಣ ಅಲ್ಯುಮಿನಿಯಂಗಳು ಹಿಡಿದುಕೊಂಡು ಕೂರುತ್ತವೆ.

ಮಳೆಯೊಂದೇ ಮಣ್ಣನ್ನು ಹುಳಿಮಾಡುತ್ತದೆಂದಲ್ಲ; ನಾವೂ ಮಾಡಬಲ್ಲೆವು. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೆಂಪು ಮಣ್ಣಿನಲ್ಲಿ 1986ರಿಂದ ರಾಗಿ ಮತ್ತು ಮುಸುಕಿನ ಜೋಳಗಳ ಮೇಲೆ ದೀರ್ಘಕಾಲದ ಗೊಬ್ಬರ ಪ್ರಯೋಗವೊಂದು ನಡೆದು ಬಂದಿದೆ. ಒಂದು ಪಾತಿಗೆ ಏನೂ ಇಲ್ಲ, ಇನ್ನೊಂದಕ್ಕೆ ಸಾರಜನಕ ಮಾತ್ರ, ಮತ್ತೊಂದಕ್ಕೆ ಸಾರಜನಕ, ರಂಜಕ, ಪೊಟಾಷುಗಳು ಮೂರೂ, ಬೇರೊಂದಕ್ಕೆ ಇವುಗಳ ಜೊತೆಗೆ ಕೊಟ್ಟಿಗೆ ಗೊಬ್ಬರ ಮತ್ತು ಸುಣ್ಣ, ಹೀಗೆ ವರ್ಷ ವರ್ಷವೂ ಅದದೇ ಪಾತಿಗೆ ಅದದೇ ಉಪಚಾರ. ಸಾರಜನಕವನ್ನು ಮಾತ್ರ ಉಂಡ ಪಾತಿಯ ಮಣ್ಣು ಹುಳಿಯಾಗುತ್ತ ಹೋಯಿತು. ಅಲ್ಲಿನ ಇಳುವರಿ ಏನನ್ನೂ ಪಡೆಯದ ಪಾತಿಯ ಮಟ್ಟದ ಸಮೀಪಕ್ಕೆ ಕುಸಿಯಿತು. ಗೊಬ್ಬರಕ್ಕೆ ಹಣ ಸುರಿದು ಉಪವಾಸದ ಫಲವನ್ನೇ ಪಡೆದಂತಾಯಿತು! ಮೂರು ಪೋಷಕಗಳೊಡನೆ ಕೊಟ್ಟಿಗೆ ಗೊಬ್ಬರವನ್ನು ಪಡೆದ ಪಾತಿಗಳು, ಸುಣ್ಣ ಸೇರಿದಾಗ ಇನ್ನೂ ಚೆನ್ನಾಗಿ, ಮೊದಲ ಸಾಲಿನಲ್ಲಿ ನಿಂತಿವೆ.

ಇದರ ಕಾರಣ ಸರಳವಾಗಿದೆ. ಅಮೋನಿಯಾ ರೂಪದ ಸಾರಜನಕವನ್ನು ಮಣ್ಣಿನ ಏಕಾಣುಜೀವಿಗಳು ನೈಟ್ರೇಟನ್ನಾಗಿ ಮಾರ್ಪಡಿಸುವಾಗ ಆಮ್ಲ ಹುಟ್ಟುತ್ತದೆ. ಪೈರು ದುರ್ಬಲವಾಗಿದ್ದು ಆ ನೈಟ್ರೇಟನ್ನು ಹೀರಿಕೊಳ್ಳದಿದ್ದರೆ ಅದು ಮಳೆನೀರಿನೊಡನೆ ಕೆಳಗಿಳಿಯುತ್ತದೆ. ಇಳಿಯುವಾಗ ಒಬ್ಬೊಂಟಿಯಾಗಿ ಹೋಗದೆ ಕ್ಯಾಲ್ಸಿಯಮ್ಮನ್ನೂ ಜೊತೆಗೆ ಕರೆದೊಯ್ಯುತ್ತದೆ.

ಹುಳಿ ಮಣ್ಣಿಗೆ ಔಷಧ ಸುಣ್ಣದ ಕಲ್ಲಿನ ಪುಡಿ. ಈ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟು. ಮೇಲೆ ಹೇಳಿದ ಜಲಜನಕದ ಅಯಾನುಗಳು ಇದರ ಕಾರ್ಬೊನೇಟಿನೊಡನೆ ಸೇರಿ ನೀರೂ ಇಂಗಾಲಾಮ್ಲವೂ ಆಗಿ ಹೊರಟುಹೋಗುತ್ತವೆ. ಖಾಲಿಯಾದ ಜಾಗದಲ್ಲಿ ಕ್ಯಾಲ್ಸಿಯಂ ಬಂದು ಕೂರುತ್ತದೆ. ಅಲ್ಯುಮಿನಿಯಂ ಮತ್ತೆ ಗಟ್ಟಿಯಾಗಿ ಸುಮ್ಮನಾಗುತ್ತದೆ. ಕಡಲ ತೀರದಲ್ಲಿ ಚಿಪ್ಪುಗಳನ್ನು ಸುಟ್ಟು ಮಾಡಿದ ಸುಣ್ಣಕ್ಕೂ ಇದೇ ಗುಣವಿದೆ, ಇನ್ನೂ ಚುರುಕಾಗಿದೆ. ಮೆಗ್ನೀಸಿಯಂ ಕೊರತೆಯಿರುವಲ್ಲಿ ಡಾಲೊಮೈಟು ಮೇಲು, ಏಕೆಂದರೆ ಅದರಲ್ಲಿ ಎರಡೂ ಇವೆ. ಪುಡಿ ಎಷ್ಟು ನುಣ್ಣಗಿದ್ದರೆ ಅಷ್ಟು ಬೇಗ ಕೆಲಸ ನಡೆಯುತ್ತದೆ. ಜಲ್ಲಿಯಂತಹ ಸುಣ್ಣಕಲ್ಲನ್ನು ಹಾಕಿದರೆ ಮೊಮ್ಮಕ್ಕಳ ಕಾಲಕ್ಕೆ ಫಲ ಕಂಡೀತು.

ಈ ಕೆಲಸದಲ್ಲಿ ಕಾಂಪೋಸ್ಟಿನ ಪಾಲೂ ಇದೆ. ಕೊಳೆಯುವ ವಸ್ತುವಿನಿಂದ ಹುಟ್ಟುವ ಸಾವಯವ ಆಮ್ಲಗಳು ಕರಗಿದ ಅಲ್ಯುಮಿನಿಯಮ್ಮನ್ನು ಅಪ್ಪಿ ಹಿಡಿದು ಅದರ ವಿಷವನ್ನು ತಗ್ಗಿಸುತ್ತವೆ. ರಂಜಕ ಸಿಕ್ಕಿಬೀಳುವ ಜಾಗಗಳನ್ನೂ ಅವು ಮುಂಚಿತವಾಗಿಯೇ ಆಕ್ರಮಿಸಿಕೊಳ್ಳುತ್ತವೆ.

ಸೋಡಿಯಂ ತುಂಬಿದ ನೆಲ

ಇನ್ನು ಬಡಗಣ ಬಯಲಿನ ಕಥೆ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಯ ಒಣಭೂಮಿ ಬತ್ತದ ಕಣಜವಾಯಿತು. ಆದರೆ ಕಪ್ಪು ಮಣ್ಣಿನಲ್ಲಿ ನೀರು ಇಂಗುವುದು ನಿಧಾನ. ಕಾಲುವೆಯ ನೀರನ್ನು ಮಿತಿಮೀರಿ ಹಾಯಿಸಿ, ಅದು ಬಸಿದುಹೋಗಲು ದಾರಿ ಮಾಡದಿದ್ದುದರಿಂದ ತಗ್ಗಿನ ಹೊಲಗಳಲ್ಲಿ ನೆಲದೊಳಗಿನ ನೀರು ಮೇಲೇರಿತು. ಅದರೊಡನೆ ಲವಣಗಳೂ ಮೇಲೆ ಬಂದವು. ನೀರು ಆರಿಹೋಗಿ ಉಪ್ಪು ಉಳಿಯಿತು. ಅಲ್ಲಿಯ ರೈತರು ಇದನ್ನು ಸವಳು-ಜವಳು ಎನ್ನುತ್ತಾರೆ. ಹಳೆಯ ಮೈಸೂರಿನ ಕಡೆಯ ಮಾತು ಚೌಳು. ಬಿಳಿ ಉಪ್ಪು ಹೂತು ಕಾಣುವ ನೆಲವನ್ನು ಒಳ್ಳೆಯ ನೀರಿನಿಂದ ತೊಳೆದು ಸರಿಪಡಿಸಬಹುದು. ಸೋಡಿಯಂ ಅಯಾನುಗಳು ಜೇಡಿಯ ಮೈಗೇ ಅಂಟಿಕೊಂಡ ಕರಲು ನೆಲವು ಹಾಗಲ್ಲ. ಅಲ್ಲಿ ರಸಸಾರ 8.5ನ್ನು ದಾಟಿರುತ್ತದೆ, ಮಣ್ಣಿನ ರಂಧ್ರಗಳು ಮುಚ್ಚಿರುತ್ತವೆ, ತೊಳೆಯಹೊರಟರೆ ನೀರು ಒಳಗೆ ಇಳಿಯುವುದೇ ಇಲ್ಲ.

ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರು ಇಂತಹ ನೀರಾವರಿ ಸೀಮೆಯಲ್ಲಿ ಒಂದಿಷ್ಟು ಜಮೀನು ಮಾಡಿಕೊಂಡಿದ್ದರು. ಮಲೆನಾಡಿನ ಸ್ನೇಹಿತರೊಬ್ಬರ ತೋಟಕ್ಕೆ ಸುಣ್ಣ ಹಾಕಿ ಗುಣ ಕಂಡಿತೆಂದು ಕೇಳಿ, ಇವರೂ ತಮ್ಮ ಕರಲು ಹೊಲಕ್ಕೆ ಎರಡು ಗಾಡಿ ಸುಣ್ಣಕಲ್ಲಿನ ಪುಡಿಯನ್ನು ಹರಡಿಸಿದರು. ಮರುವರ್ಷ ಹೋಗಿ ನೋಡಿದರೆ ಹೊಲ ಹೇಗಿತ್ತೋ ಹಾಗೆಯೇ ಇತ್ತು. ಪುಡಿ ಕೆಟ್ಟದ್ದೆಂದು ಅವರು ಮಾರಿದವನನ್ನು ಬಯ್ದರು. ಪುಡಿಯಲ್ಲಿ ದೋಷವಿರಲಿಲ್ಲ. ಆ ಹೊಲವನ್ನು ಅಗೆದರೆ ಬಿಳಿಯ ಸುಣ್ಣದ ಹರಳುಗಳು ಮೊದಲೇ ಕೈತುಂಬ ಸಿಗುತ್ತಿದ್ದವು! ಸುಣ್ಣದ ಮೇಲೆ ಕುಳಿತು ಆ ಮಣ್ಣು ಕ್ಯಾಲ್ಸಿಯಂ ಇಲ್ಲದೆ ಸೊರಗಿತ್ತು.

ಇದು ಒಗಟಿನಂತೆ ತೋರಬಹುದು. ಸುಣ್ಣದ ಕಲ್ಲು ಶುದ್ಧ ನೀರಿನಲ್ಲಿ ಲೀಟರಿಗೆ ಒಂದು ಗ್ರಾಮಿನ ನೂರರಲ್ಲೊಂದೆರಡು ಭಾಗ ಮಾತ್ರ ಕರಗುತ್ತದೆ. ಅದು ಚೆನ್ನಾಗಿ ಕರಗಬೇಕಾದರೆ ಆಮ್ಲ ಬೇಕು. ಹುಳಿ ಮಣ್ಣಿನಲ್ಲಿ ಆಮ್ಲವಿದೆ, ಕರಲು ಮಣ್ಣಿನಲ್ಲಿ ಇಲ್ಲ. ಜಿಪ್ಸಂ ಎಂಬ ಕ್ಯಾಲ್ಸಿಯಂ ಸಲ್ಫೇಟಾದರೋ ಆಮ್ಲದ ಹಂಗಿಲ್ಲದೆಯೇ ಲೀಟರಿಗೆ ಸುಮಾರು 2.5 ಗ್ರಾಂ ಕರಗುತ್ತದೆ. ಕರಗಿದ ಕ್ಯಾಲ್ಸಿಯಂ ಜೇಡಿಯ ಮೇಲಿನ ಸೋಡಿಯಮ್ಮನ್ನು ತಳ್ಳಿ ಅದರ ಜಾಗವನ್ನು ಹಿಡಿಯುತ್ತದೆ. ತಳ್ಳಲ್ಪಟ್ಟ ಸೋಡಿಯಂ ಸಲ್ಫೇಟಿನೊಡನೆ ಕೂಡಿ ನೀರಿನಲ್ಲಿ ಇಳಿದುಹೋಗುತ್ತದೆ. ಇಳಿದುಹೋಗಲು ಬಸಿಗಾಲುವೆ ಇಲ್ಲದಿದ್ದರೆ ಜಿಪ್ಸಮ್ಮಿಗೆ ತೆತ್ತ ಹಣ ನೀರಿನಲ್ಲಿ ಮಾಡಿದ ಹೋಮವೇ ಸರಿ. ಹೊರದೂಡಿದ ಸೋಡಿಯಂ ಹೊಲದಲ್ಲಿಯೇ ಉಳಿದರೆ ಮತ್ತೆ ಜೇಡಿಯನ್ನು ಸೇರದೆ ಬಿಟ್ಟೀತೆ?

ಹಾಗಾದರೆ ಆ ಹೊಲದಲ್ಲಿ ಮೊದಲೇ ಇದ್ದ ಸುಣ್ಣದ ಹರಳುಗಳು ನಿಷ್ಪ್ರಯೋಜಕವೆ? ಅಲ್ಲ. ಡಯಂಚದಂತಹ ಹಸಿರು ಗೊಬ್ಬರದ ಪೈರನ್ನು ಬೆಳೆದು ಹೂ ಬಿಡುವ ಹೊತ್ತಿಗೆ ಉತ್ತು ಮುಚ್ಚಿದಾಗ, ಅಥವಾ ಹೇರಳವಾಗಿ ಕಾಂಪೋಸ್ಟು ಕೊಟ್ಟಾಗ, ಕೊಳೆತದ ಉಸಿರಿನಿಂದ ಇಂಗಾಲಾಮ್ಲ ಹೊಮ್ಮಿ ಮಣ್ಣಿನ ನೀರಿನಲ್ಲಿ ಕರಗಿ ಮೃದುವಾದ ಆಮ್ಲವಾಗುತ್ತದೆ. ಆ ಆಮ್ಲ ಸುಣ್ಣದ ಹರಳನ್ನು ಕೊಂಚ ಕೊಂಚವಾಗಿ ಕರಗಿಸಿ, ಬಂಧನದಲ್ಲಿದ್ದ ಕ್ಯಾಲ್ಸಿಯಮ್ಮನ್ನು ಬಿಡಿಸುತ್ತದೆ. ನಮ್ಮ ಹಿರಿಯರು ಜಿಪ್ಸಂ ತರಿಸುವ ಬದಲು ಮೊದಲು ಸಾಲು ಬಸಿಗಾಲುವೆ ತೋಡಿ, ಎರಡು ಮಳೆಗಾಲ ಡಯಂಚ ಬೆಳೆದು ಮುಚ್ಚಿದ್ದರೆ ಖರ್ಚೂ ಕಡಿಮೆಯಾಗುತ್ತಿತ್ತು. ಪೂರ್ತಿ ಗುಣವಾಗಲು ಜಿಪ್ಸಮ್ಮೂ ಬೇಕಾಗುತ್ತಿತ್ತೇನೋ. ಅದನ್ನು ಪ್ರಯೋಗಶಾಲೆಯೇ ಹೇಳಬೇಕಾಗಿತ್ತು.

ಶಿಲಾರಂಜಕದ ಕಥೆಯೂ ಇಂಥದೇ. ರಾಜಸ್ಥಾನದ ಉದಯಪುರದ ಬಳಿ ಝಾಮರ್‌ಕೋಟ್ರಾದಲ್ಲಿ 1968ರಲ್ಲಿ ಈ ಖನಿಜದ ದೊಡ್ಡ ನಿಕ್ಷೇಪವೊಂದು ಪತ್ತೆಯಾಯಿತು. ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಕಡಲಿನಲ್ಲಿ ಬಾಳಿದ ಸೂಕ್ಷ್ಮಜೀವಿಗಳ ಹಾಸುಗಳು ಅಲ್ಲಿ ಪದರ ಪದರವಾಗಿ ಕಲ್ಲಾಗಿ ನಿಂತಿವೆ. ಈ ಕಲ್ಲಿನ ಪುಡಿ ಕೊಡಗು ಚಿಕ್ಕಮಗಳೂರುಗಳ ಹುಳಿ ಮಣ್ಣಿನ ಕಾಫಿ ತೋಟದಲ್ಲಿ ನಿಧಾನವಾಗಿ ಕರಗಿ ರಂಜಕವನ್ನು ಕೊಡುತ್ತದೆ. ಧಾರವಾಡ ವಿಜಯಪುರಗಳ ಕಪ್ಪು ಮಣ್ಣಿಗೆ ಹಾಕಿದರೆ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ. ಆದರೆ ಅದನ್ನೇ ಕಾಂಪೋಸ್ಟಿನ ಗುಂಡಿಯಲ್ಲಿ ಕಸದ ಪದರಗಳ ನಡುವೆ ಎರಚಿ ಕೊಳೆಸಿದರೆ, ಏಕಾಣುಜೀವಿಗಳೂ ಶಿಲೀಂಧ್ರಗಳೂ ಹೊರಬಿಡುವ ಆಮ್ಲಗಳು ಅದರ ಒಂದು ಭಾಗವನ್ನು ಕರಗಿಸಿ ಪೈರಿಗೆ ಸಲ್ಲುವಂತೆ ಮಾಡುತ್ತವೆ.

ಕೊಳೆಸುವ ವಿದ್ಯೆ

ಕಾಂಪೋಸ್ಟು ಎಂದರೆ ತಿಪ್ಪೆಯಲ್ಲ. ಬಿಸಿಲು ಮಳೆಗಳಿಗೆ ಮೈಯೊಡ್ಡಿದ ತಿಪ್ಪೆಯಲ್ಲಿ ಸಾರಜನಕವು ಅಮೋನಿಯಾ ಆಗಿ ಹಾರಿ, ಪೊಟಾಸಿಯಂ ಮಳೆನೀರಿನಲ್ಲಿ ಕರಗಿ, ಹೊಲಕ್ಕೆ ಹೋಗುವಾಗ ಉಳಿಯುವುದು ಬಹುಪಾಲು ಹೊಟ್ಟು. ಕೊಳೆಸುವುದನ್ನು ವಿದ್ಯೆಯಾಗಿ ಬೆಳೆಸಿದ ಎರಡು ಕ್ರಮಗಳು ನಮ್ಮ ದೇಶದಲ್ಲಿಯೇ ಹುಟ್ಟಿದವು. ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಅವರು 1924ರಿಂದ 1931ರವರೆಗೆ ಇಂದೂರಿನಲ್ಲಿ ನಡೆಸಿದ ಪ್ರಯೋಗಗಳ ಫಲ ಒಂದು. ಇಲ್ಲಿ ಕಸಕಡ್ಡಿ, ಸಗಣಿ, ಗಂಜಳ ನೆನೆದ ಮಣ್ಣು, ಬೂದಿಗಳನ್ನು ಪದರವಾಗಿ ಒಟ್ಟಿ, ನೀರು ಚಿಮುಕಿಸಿ, ಆಗಾಗ ಮಗುಚಿ ಗಾಳಿಯಾಡಿಸುತ್ತಾರೆ. ಸುಮಾರು ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಮತ್ತೊಂದು 1939ರಲ್ಲಿ ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯ ಅವರು ರೂಪಿಸಿದ ಕ್ರಮ. ಜಗತ್ತಿನ ಕೃಷಿ ಗ್ರಂಥಗಳಲ್ಲಿ ಅದಕ್ಕೆ ಬೆಂಗಳೂರು ಪದ್ಧತಿಯೆಂದೇ ಹೆಸರು. ಪಟ್ಟಣದ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮುಚ್ಚಿ, ಮಗುಚದೆ ಬಿಡುವುದು ಇದರ ಮರ್ಮ. ಮೊದಲು ಕಾವೇರಿ, ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಕೊಳೆಯುವುದರಿಂದ ಆರೆಂಟು ತಿಂಗಳು ಹಿಡಿಯುತ್ತದೆ. ಆದರೆ ಆಳುಖರ್ಚು ಕಡಿಮೆ, ಸಾರಜನಕದ ನಷ್ಟವೂ ಕಡಿಮೆ. ಇಂದಿನ ಪಟ್ಟಣದ ಕಸದಲ್ಲಿ ಗಾಜು, ಪ್ಲಾಸ್ಟಿಕ್ಕು, ಬ್ಯಾಟರಿಗಳ ಸೀಸ ಮೊದಲಾದವು ಬೆರೆತಿರುವುದರಿಂದ, ಮೂಲದಲ್ಲಿಯೇ ಬೇರ್ಪಡಿಸದ ಹೊರತು ಅದನ್ನು ಹೊಲಕ್ಕೆ ತರಬಾರದು. ಎರೆಹುಳುವಿನ ಗೊಬ್ಬರದ ವಿಷಯ ಎಲ್ಲ ಶಾಲೆಗಳಲ್ಲೂ ಹೇಳುತ್ತಾರಾದುದರಿಂದ ಇಲ್ಲಿ ಬಿಡುತ್ತೇನೆ.

ಕೊಳೆಯುವಿಕೆಯಲ್ಲಿ ಇಂಗಾಲಕ್ಕೂ ಸಾರಜನಕಕ್ಕೂ ಇರುವ ಪ್ರಮಾಣವೇ ಮುಖ್ಯ. ಒಣ ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ ಎಪ್ಪತ್ತು ಎಂಬತ್ತು ಪಾಲು ಇಂಗಾಲವಿರುತ್ತದೆ. ಮರದ ಹೊಟ್ಟಿನಲ್ಲಿ ನೂರಾರು ಪಾಲು. ಹಸಿ ಹೊಂಗೆ ಸೊಪ್ಪು, ಗ್ಲಿರಿಸಿಡಿಯಾ ಸೊಪ್ಪುಗಳಲ್ಲಿ ಬಹಳ ಕಡಿಮೆ. ಕೊಳೆಸುವ ಜೀವಿಗಳಿಗೆ ಇಪ್ಪತ್ತೈದು ಮೂವತ್ತು ಪಾಲಿಗೆ ಒಂದು ಎಂಬ ಪ್ರಮಾಣ ಹಿತ. ಒಣ ಹುಲ್ಲನ್ನೇ ಉತ್ತು ಮುಚ್ಚಿದರೆ, ಸಾರಜನಕ ಸಾಲದೆ ಅವು ಮಣ್ಣಿನಲ್ಲಿರುವುದನ್ನೆಲ್ಲ ಕಬಳಿಸುತ್ತವೆ. ಆಗ ಪೈರು ಹಳದಿಯಾಗುತ್ತದೆ. ಗೊಬ್ಬರ ಹಾಕಿದ ಮೇಲೆಯೇ ಬೆಳೆ ಕೆಟ್ಟಿತೆಂದು ರೈತರು ಹೇಳುವುದುಂಟಷ್ಟೆ. ಅದು ಸುಳ್ಳಲ್ಲ, ಗೊಬ್ಬರವಾಗದ ಗೊಬ್ಬರವನ್ನು ಹಾಕಿದುದರ ಫಲ. ಹಸಿರು ಮತ್ತು ಒಣ ಕಸಗಳನ್ನು ಹದವಾಗಿ ಬೆರೆಸಿದ ರಾಶಿಯೊಳಕ್ಕೆ ಕಬ್ಬಿಣದ ಸರಳನ್ನು ಚುಚ್ಚಿಟ್ಟು, ಸ್ವಲ್ಪ ಹೊತ್ತಿನ ನಂತರ ತೆಗೆದು ಮುಟ್ಟಿ ನೋಡಿರಿ. ಚೆನ್ನಾಗಿ ನಡೆಯುತ್ತಿರುವ ರಾಶಿಯ ಒಡಲು 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು, ಸರಳು ಕೈ ಸುಡುವಂತಿರುತ್ತದೆ. ಕಳೆಯ ಬೀಜಗಳೂ ಅನೇಕ ರೋಗಾಣುಗಳೂ ಈ ಕಾವಿಗೆ ಸಾಯುತ್ತವೆ.

ಹೀಗೆ ಪಕ್ವವಾದ ಕಾಂಪೋಸ್ಟು ಮಣ್ಣಿಗೆ ಸೇರಿದ ಮೇಲೆ, ಅದನ್ನು ಉಂಡು ಬೆಳೆಯುವ ಏಕಾಣುಜೀವಿಗಳು ಒಂದು ಬಗೆಯ ಗೋಂದನ್ನು ಸುರಿಸುತ್ತವೆ. ಶಿಲೀಂಧ್ರಗಳ ಎಳೆಗಳು ನೂಲಿನಂತೆ ಕಣಗಳನ್ನು ಹೆಣೆಯುತ್ತವೆ. ಬದುವಿನ ಹೆಂಟೆ ನೀರಿನಲ್ಲಿ ಕರಗದೆ ನಿಂತುದು ಈ ಗೋಂದು ಮತ್ತು ಎಳೆಗಳಿಂದ. ಉತ್ತು ಉತ್ತು ಗಾಳಿಯಾಡಿಸಿದ ಹೊಲದಲ್ಲಿ ಅವೆರಡೂ ತೀರಿಹೋಗಿವೆ.

ವರ್ತುಲದಲ್ಲಿ ಒಂದು ಸೋರಿಕೆ

ಇಷ್ಟೆಲ್ಲ ಗುಣವುಳ್ಳ ಕಾಂಪೋಸ್ಟೊಂದೇ ಏಕೆ ಸಾಲದು? ಹೊಲದ ಹುಲ್ಲನ್ನು ದನ ತಿಂದು, ಸಗಣಿ ಹೊಲಕ್ಕೆ ಮರಳಿದರೆ ವರ್ತುಲ ಪೂರ್ಣವಾದಂತೆ ಕಾಣುತ್ತದೆ. ಆದರೆ ಧಾನ್ಯ ಗಾಡಿಯೇರಿ ಪೇಟೆಗೆ ಹೋಯಿತು. ರಂಜಕದ ಹೆಚ್ಚಿನ ಪಾಲು ಇರುವುದು ಧಾನ್ಯದಲ್ಲಿ, ಹುಲ್ಲಿನಲ್ಲಲ್ಲ. ಹೊಲದಲ್ಲಿ ಸತುವಿನ ಕೊರತೆಯಿದ್ದರೆ ಅದರ ಹುಲ್ಲಿನಲ್ಲೂ, ಆ ಹುಲ್ಲಿನ ಸಗಣಿಯಲ್ಲೂ, ಆ ಸಗಣಿಯ ಕಾಂಪೋಸ್ಟಿನಲ್ಲೂ ಸತು ಕಡಿಮೆಯೇ. ಹೊರಗಿನಿಂದ ಏನಾದರೂ ಬಂದರಷ್ಟೇ ಲೆಕ್ಕ ಸರಿಹೋಗುವುದು. ಮಲೆನಾಡಿನ ಅಡಕೆ ತೋಟಗಳು ಶತಮಾನಗಳ ಕಾಲ ಸೊರಗದೆ ನಿಂತುದಕ್ಕೆ ಸೊಪ್ಪಿನ ಬೆಟ್ಟಗಳು ಕಾರಣ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೊಪ್ಪಿನ ಹಕ್ಕನ್ನು ಕೊಟ್ಟಿದ್ದರು. ತೋಟ ಫಲವತ್ತಾಯಿತು, ನಿಜ. ಬೆಟ್ಟ ಏನಾಯಿತೆಂದೂ ಕೇಳಬೇಕಲ್ಲವೆ? ಬಯಲುಸೀಮೆಯ ರೈತರು ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದುದು ಇನ್ನೂ ನ್ಯಾಯವಾದ ಕ್ರಮ: ಮಳೆ ಕೊಚ್ಚಿಕೊಂಡು ಹೋದ ಜೇಡಿಯನ್ನೂ ಹ್ಯೂಮಸ್ಸನ್ನೂ ಹೊಲಕ್ಕೇ ಹಿಂದಿರುಗಿಸುವುದು. ಕೆರೆಯ ಹೂಳೂ ತೆಗೆದಂತಾಗುತ್ತದೆ. ಪಟ್ಟಣದ ಚರಂಡಿ ಸೇರುವ ಕೆರೆಗೆ ಈ ಮಾತು ಅನ್ವಯಿಸುವುದಿಲ್ಲ.

ಕಣ್ಣಿಗೆ ಕಾಣದ ಇಂತಹ ಕೊರತೆ ಎಷ್ಟು ವ್ಯಾಪಕವೆಂಬುದು 2009ರಲ್ಲಿ ಕರ್ನಾಟಕ ಸರ್ಕಾರವೂ ಹೈದರಾಬಾದಿನ ಬಳಿಯ ಇಕ್ರಿಸಾಟ್ ಸಂಸ್ಥೆಯೂ ಕೂಡಿ ಆರಂಭಿಸಿದ ಭೂಚೇತನ ಯೋಜನೆಯಲ್ಲಿ ಬೆಳಕಿಗೆ ಬಂದಿತು. ಮಳೆಯಾಶ್ರಿತ ಹೊಲಗಳ ಮಣ್ಣನ್ನು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನುಗಳ ಅಭಾವ ಜಿಲ್ಲೆ ಜಿಲ್ಲೆಗಳಲ್ಲೂ ಕಂಡಿತು. ಜಿಪ್ಸಂ ಇಲ್ಲಿ ಗಂಧಕದ ಮೂಲವಾಗಿ ಬಂತು. ಅದರೊಡನೆ ಸತುವಿನ ಸಲ್ಫೇಟು ಮತ್ತು ಬೋರಾನಿನ ಲವಣಗಳನ್ನು ಅಲ್ಪ ಪ್ರಮಾಣದಲ್ಲಿ ಹಾಕಿದ ಹೊಲಗಳಲ್ಲಿ ರಾಗಿ, ಮುಸುಕಿನ ಜೋಳ, ಶೇಂಗಾ ಬೆಳೆಗಳು ಪಕ್ಕದ ಹೊಲಗಳಿಗಿಂತ ಎದ್ದುಕಾಣುವಷ್ಟು ಹೆಚ್ಚು ಇಳುವರಿ ಕೊಟ್ಟವು. ಬೋರಾನಿನ ವಿಷಯದಲ್ಲಿ ಒಂದು ಎಚ್ಚರಿಕೆ. ಸಾಲದೆ ಇರುವುದಕ್ಕೂ ವಿಷವಾಗುವುದಕ್ಕೂ ನಡುವಿನ ಅಂತರ ಬಹಳ ಕಿರಿದು.

ಇತ್ತೀಚೆಗೆ ಯಾವುದೇ ಬಂಡೆಯ ಪುಡಿಯನ್ನು ಸರ್ವರೋಗಕ್ಕೂ ಮದ್ದೆಂದು ಮಾರುವವರಿದ್ದಾರೆ. ಬಸಾಲ್ಟ್ ಶಿಲೆಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಧಾರಾಳವಾಗಿದ್ದು, ಬೆಚ್ಚಗೆ ತೇವವಾಗಿರುವ ಹುಳಿ ಮಣ್ಣಿನಲ್ಲಿ ಅದು ಕರಗುತ್ತದೆ. ಕರಗುವಾಗ ಗಾಳಿಯ ಇಂಗಾಲಾಮ್ಲವನ್ನೂ ಬಂಧಿಸುತ್ತದೆಂದು ಹಲವು ದೇಶಗಳಲ್ಲಿ ಪ್ರಯೋಗಗಳು ನಡೆದಿವೆ. ಗ್ರಾನೈಟಿನ ಪುಡಿಯ ಮಾತು ಬೇರೆ. ಅದರ ಪೊಟಾಸಿಯಂ ಫೆಲ್ಡ್‌ಸ್ಪಾರ್ ಎಂಬ ಗಟ್ಟಿ ಹರಳಿನಲ್ಲಿ ಬಂಧಿಯಾಗಿದ್ದು ಬಿಡುಗಡೆಗೆ ಬಹುಕಾಲ ಬೇಕು. ಅಲ್ಲದೆ ಕೋಲಾರ, ತುಮಕೂರುಗಳ ಕೆಂಪು ಮಣ್ಣು ಹುಟ್ಟಿದುದೇ ಗ್ರಾನೈಟು ಮತ್ತು ನೈಸ್ ಶಿಲೆಗಳಿಂದ. ತಾಯಿಬಂಡೆಯನ್ನೇ ಮತ್ತೆ ಪುಡಿಮಾಡಿ ಗಾಡಿ ಬಾಡಿಗೆ ತೆತ್ತು ತಂದು ಹಾಕುವುದರಲ್ಲಿ ನನಗಂತೂ ಲಾಭ ಕಾಣದು.

ಎಷ್ಟು ಕಾಲ ಹಿಡಿಯುತ್ತದೆ?

ಒಂದು ಹೆಕ್ಟೇರು ಹೊಲದ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 20 ಲಕ್ಷ ಕಿಲೋಗ್ರಾಂ. ಮಣ್ಣಿನ ಪ್ರಯೋಗಶಾಲೆಗಳಲ್ಲಿ ಸಾವಯವ ಇಂಗಾಲ ನೂರಕ್ಕೆ 0.5ಕ್ಕಿಂತ ಕಡಿಮೆಯಿದ್ದರೆ ಕೆಳಮಟ್ಟವೆಂದೂ 0.75ಕ್ಕಿಂತ ಹೆಚ್ಚಿದ್ದರೆ ಮೇಲುಮಟ್ಟವೆಂದೂ ಎಣಿಸುತ್ತಾರೆ. ಒಂದು ಹೊಲದಲ್ಲಿ 0.4 ಇರುವುದನ್ನು 0.5ಕ್ಕೆ ಏರಿಸಬೇಕೆಂದುಕೊಳ್ಳೋಣ. ಏರಿಸಬೇಕಾದುದು ನೂರಕ್ಕೆ 0.1, 20 ಲಕ್ಷದಲ್ಲಿ ಅದು 2,000 ಕಿಲೋಗ್ರಾಂ ಇಂಗಾಲ. ವರ್ಷಕ್ಕೆ ಹೆಕ್ಟೇರಿಗೆ 10 ಟನ್ನು ಕಾಂಪೋಸ್ಟು ಹಾಕಿದರೆ, ಅದರಲ್ಲಿ ಅರ್ಧ ನೀರು. ಒಣ ಭಾಗದ ಐದರಲ್ಲೊಂದು ಪಾಲು ಇಂಗಾಲವೆಂದು ಹಿಡಿದರೂ ದೊರೆಯುವುದು 1,000 ಕಿಲೋಗ್ರಾಂ. ನಮ್ಮ ಬಿಸಿಲಿನಲ್ಲಿ ಅದರ ಬಹುಪಾಲು ಬೇಗನೆ ಇಂಗಾಲಾಮ್ಲವಾಗಿ ಗಾಳಿ ಸೇರುತ್ತದೆ. ನಾಲ್ಕರಲ್ಲೊಂದು ಪಾಲು ನಿಂತಿತೆಂದು ಅಂದಾಜು ಮಾಡಿದರೆ ವರ್ಷಕ್ಕೆ 250 ಕಿಲೋಗ್ರಾಂ ಆಯಿತು, ಎಂದರೆ ಎಂಟು ವರ್ಷಗಳ ಕೆಲಸ. ಒಂದೇ ಬೆಳೆಯಲ್ಲಿ ಮಣ್ಣನ್ನು ಚಿನ್ನ ಮಾಡುತ್ತೇವೆನ್ನುವ ಜಾಹೀರಾತುಗಳ ಮುಂದೆ ಈ ಲೆಕ್ಕವನ್ನು ಇಟ್ಟು ನೋಡಬಹುದು.

ಹೀಗೆ ನಿಧಾನವಾಗಿ ಸೇರಿದುದು ಕಳೆಯುವುದೂ ನಿಧಾನ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನ ಕ್ಷೇತ್ರದ ಹೂಸ್‌ಫೀಲ್ಡ್ ಎಂಬ ಬಾರ್ಲಿ ಹೊಲದ ಒಂದು ಪಾತಿಗೆ 1852ರಿಂದ 1871ರವರೆಗೆ ಪ್ರತಿವರ್ಷವೂ ಕೊಟ್ಟಿಗೆ ಗೊಬ್ಬರ ಹಾಕಿ, ಆಮೇಲೆ ಒಂದು ಹಿಡಿಯನ್ನೂ ಹಾಕಲಿಲ್ಲ. ನೂರು ವರ್ಷ ಕಳೆದ ಮೇಲೂ ಆ ಪಾತಿಯ ಮಣ್ಣಿನಲ್ಲಿ ಗೊಬ್ಬರವನ್ನೇ ಕಾಣದ ಪಾತಿಗಿಂತ ಹೆಚ್ಚು ಸಾವಯವ ವಸ್ತು ಉಳಿದಿತ್ತು. ಅಲ್ಲಿನ ಚಳಿಯಲ್ಲಿ ಕೊಳೆಯುವಿಕೆ ಮಂದವೆಂಬುದು ನಿಜ. ನಮ್ಮಲ್ಲಿ ಅಷ್ಟು ಕಾಲ ನಿಲ್ಲಲಾರದು.

ಯಾವ ಕಲ್ಲು, ಎಷ್ಟು ಎಂಬುದನ್ನು ತಿಳಿಯಲು ಮಣ್ಣಿನ ಪರೀಕ್ಷೆಯೇ ದಾರಿ. ರಜೆಯಲ್ಲಿ ಊರಿಗೆ ಹೋದ ವಿದ್ಯಾರ್ಥಿಗಳು ಇದನ್ನು ಮನೆಯವರಿಗೆ ಮಾಡಿಕೊಡಬಹುದು. ಹೊಲದಲ್ಲಿ ಅಡ್ಡಾದಿಡ್ಡಿಯಾಗಿ ನಡೆಯುತ್ತ ಹತ್ತು ಹದಿನೈದು ಕಡೆ ಮೇಲಿನ ಕಸವನ್ನು ಸರಿಸಿ, ಸಲಿಕೆಯಿಂದ 15 ಸೆಂಟಿಮೀಟರ್ ಆಳಕ್ಕೆ ಇಳಿಜಾರಾಗಿ ಗುಂಡಿ ತೋಡಿರಿ. ಅದರ ಒಂದು ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಮಣ್ಣಿನ ಪದರವನ್ನು ಕೆತ್ತಿ ತೆಗೆಯಿರಿ. ಮರದ ಬುಡ, ಬದು, ತಿಪ್ಪೆಯಿದ್ದ ಜಾಗ, ನೀರು ನಿಲ್ಲುವ ತಗ್ಗುಗಳನ್ನು ಬಿಡಬೇಕು. ಎಲ್ಲವನ್ನೂ ಶುಭ್ರವಾದ ಬಟ್ಟೆಯ ಮೇಲೆ ಸುರಿದು ಕಲಸಿ, ವೃತ್ತವಾಗಿ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಚೆಲ್ಲಿರಿ. ಅರ್ಧ ಕಿಲೋಗ್ರಾಂ ಉಳಿಯುವವರೆಗೆ ಹೀಗೆಯೇ ಮಾಡಿ, ನೆರಳಿನಲ್ಲಿ ಒಣಗಿಸಿರಿ. ಗೊಬ್ಬರದ ಖಾಲಿ ಚೀಲದಲ್ಲಿ ಮಾತ್ರ ತುಂಬಕೂಡದು. ಆ ಚೀಲದ ಗೊಬ್ಬರವೇ ಪರೀಕ್ಷೆಯಲ್ಲಿ ಕಾಣಿಸಿಕೊಂಡೀತು. ಬಟ್ಟೆಯ ಚೀಲಕ್ಕೆ ಹಾಕಿ, ಹೊಲದ ಸರ್ವೆ ನಂಬರು, ಹಿಂದಿನ ಬೆಳೆ, ಮುಂದೆ ಇಡಬೇಕೆಂದಿರುವ ಬೆಳೆ, ನೀರಾವರಿಯುಂಟೋ ಇಲ್ಲವೋ ಎಂಬುದನ್ನು ಚೀಟಿಯಲ್ಲಿ ಬರೆದು ಒಳಗಿಟ್ಟು, ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಒಪ್ಪಿಸಿರಿ. ಬಂದ ಫಲಿತಾಂಶದಲ್ಲಿ ಮೊದಲು ರಸಸಾರದ ಅಂಕವನ್ನು, ಆಮೇಲೆ ಸಾವಯವ ಇಂಗಾಲದ ಅಂಕವನ್ನು ನೋಡಬೇಕು.